ಕರಿಯವ್ವನ ಬೆನ್ನ ಮೇಲಿನ ಬಣ್ಣ

ಕರಿಯವ್ವ ವಾಲಿಕೊಂಡು ತೇಲುತ್ತಿತ್ತು.

ಆಮೆ ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿದರೆ ಅದರ ಶ್ವಾಸಕೋಶ ಕೆಟ್ಟಿದೆ ಎಂದರ್ಥ. ಇದು ನನಗೆ ಆಮೇಲೆ ಗೊತ್ತಾದದ್ದು. ಆ ದಿನ ಅಪ್ಪನ ಪ್ರತಿವರ್ಷದ ಪೂಜೆಗೆಂದು ಸೊರಬದಿಂದ ಶಿಕಾರಿಪುರಕ್ಕೆ ಹೋದವಳು, ತವರುಮನೆಗೆ ಹೋಗುವ ಮೊದಲು ಅಣ್ಣನ ಜವಳಿ ಅಂಗಡಿಯ ಮುಂದೆ ನಿಂತೆ. ಬಾಗಿಲ ಬಳಿ ಒಂದು ಗಾಜಿನ ಪೆಟ್ಟಿಗೆ. ಅದರ ಸುತ್ತ ಮಿಣುಕುವ ಸೀರಿಯಲ್ ಲೈಟು. ಒಳಗೆ ಗೇಣು ನೀರಿನಲ್ಲಿ ನಮ್ಮ ಮುದಿ ಆಮೆ. ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಮೂಗಿನ ತುದಿಯಲ್ಲಿ ಗುಳ್ಳೆ. ಬೆನ್ನ ಮೇಲೆ ಬಿಳಿ ಆಯಿಲ್ ಪೇಂಟಿನಲ್ಲಿ, ಕೆಂಪು ಅಂಚು ಕೊಟ್ಟು, ದಪ್ಪಕ್ಷರದಲ್ಲಿ ಬರೆದಿತ್ತು: ಪಂಚಾಕ್ಷರಿ ಜವಳಿ ಅಂಗಡಿ.

ಪಂಚಾಕ್ಷರಿ ನನ್ನ ಅಣ್ಣ.

ನಾನು ಲಂಗ ಉಡುವ ವಯಸ್ಸಿನಲ್ಲಿ ಅಪ್ಪ ಅದನ್ನು ತಂದಿದ್ದರು. ಕೆರೆ ಬತ್ತಿದ ಬೇಸಿಗೆಯಲ್ಲಿ ಗಾಡಿದಾರಿ ದಾಟುತ್ತಿತ್ತಂತೆ. ಅಂಗೈಯಗಲದ ಕಪ್ಪು ಆಮೆ. ಅಂಗಡಿಯ ಹಿತ್ತಲಿನ ಕಲ್ಲುತೊಟ್ಟಿಗೆ ಬಿಟ್ಟು ಕರಿಯವ್ವ ಎಂದು ಕರೆದರು. ಬಾಳೆಹಣ್ಣು ಕಂಡರೆ ಕತ್ತು ಉದ್ದ ಮಾಡುತ್ತಿತ್ತು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಆದರೂ ಕರಿಯವ್ವನಿಗೆ ಎರೆಹುಳ ಅಗೆದು ಹಾಕಲು ಅಪ್ಪ ನನಗೆ ಅಪ್ಪಣೆ ಕೊಟ್ಟಿದ್ದರು. ಆಮೆ ಇದ್ದ ಕಡೆ ಲಕ್ಷ್ಮಿ ಇರುತ್ತಾಳೆ ಎಂದು ಪೇಟೆಯ ವ್ಯಾಪಾರಸ್ಥರು ಹೇಳುತ್ತಿದ್ದರು. ಅಪ್ಪ ಅದನ್ನು ಕೇಳಿ ನಗುತ್ತಿದ್ದರು. ಅಣ್ಣ ನಂಬಿದ. ಅಪ್ಪ ಹೋದ ಮೇಲೆ ಬಸ್‌ಸ್ಟ್ಯಾಂಡಿನ ಬಳಿ ದೊಡ್ಡ ರೆಡಿಮೇಡ್ ಅಂಗಡಿ ಬಂತು. ಗಿರಾಕಿಗಳು ಅತ್ತ ಹೊರಳಿದರು. ಆಗ ಲಕ್ಷ್ಮಿಯನ್ನು ಹಿತ್ತಲಿನಿಂದ ಎತ್ತಿ ಬಾಗಿಲಿಗೆ ತಂದಿಟ್ಟಿದ್ದ. ಪ್ರತಿ ವರ್ಷ ಪೂಜೆಗೆ ನೇರ ಮನೆಗೇ ಹೋಗಿ ಬರುತ್ತಿದ್ದ ನಾನು ಇದನ್ನು ನೋಡಿರಲಿಲ್ಲ.

"ಏನಣ್ಣ ಇದು?"

"ಅಡ್ವರ್ಟೈಸ್‌ಮೆಂಟು ಗಿರಿಜಾ. ದೀಪಾವಳಿಗೆ ಬಣ್ಣದ ಹೊಸ ಕೋಟು ಹೊಡ್ಸಿದ್ದೆ. ಹಳ್ಳಿ ಮಂದಿ ಮಕ್ಕಳನ್ನ ಎತ್ಕೊಂಡು ಬಂದು ತೋರಿಸ್ತಾರ."

"ಕಣ್ಣು ಮುಚ್ಚೈತಲ್ಲ?"

"ವಯಸ್ಸಾಗೈತಿ. ಮಲಗ್ತೈತಿ. ನೀ ಒಳಗ ಬಾ, ಚಾ ತರಿಸ್ತೀನಿ."

ನಾನು ಪೆಟ್ಟಿಗೆಗೆ ಕೈ ಹಾಕಿ ಎತ್ತಿದೆ. ಸತ್ತ ಇಲಿಯ ವಾಸನೆ ಬಂತು. 'ಜವಳಿ' ಎಂದು ಬರೆದಿದ್ದ ಕಡೆ ನನ್ನ ಹೆಬ್ಬೆರಳು ತಾಗಿತು. ಬೆರಳು ಒಳಗೆ ಇಳಿಯಿತು.

ಚಿಪ್ಪು ಮೆತ್ತಗಾಗಿತ್ತು.

ಆಮೇಲೆ ನಾನು ಏನು ಕೂಗಿದೆನೋ ನೆನಪಿಲ್ಲ. ಸೀರೆ ನೋಡುತ್ತಿದ್ದ ಹೆಂಗಸರು ಎದ್ದು ನಿಂತದ್ದು ನೆನಪಿದೆ. ಕೌಂಟರಿನ ಮೇಲೆ ಬಿಚ್ಚಿಟ್ಟಿದ್ದ ಟವೆಲಿನಲ್ಲಿ ಕರಿಯವ್ವನನ್ನು ಸುತ್ತಿ, ಅಪ್ಪನ ಪೂಜೆಗೂ ನಿಲ್ಲದೆ, ಬಂದ ಬಸ್ಸಿನಲ್ಲೇ ಸೊರಬಕ್ಕೆ ವಾಪಸಾದೆ.

ಸೊರಬದ ದನದ ಆಸ್ಪತ್ರೆಯ ಡಾಕ್ಟರು ಹೊಸಬರು, ಚಿಕ್ಕ ವಯಸ್ಸಿನವರು. ಟವೆಲು ಬಿಚ್ಚಿದ ಕೂಡಲೇ ಹಿಂದೆ ಸರಿದರು.

"ಅಮ್ಮಾ, ನಾನು ಆಮೆ ಮುಟ್ಟಿದ್ದೇ ಇಲ್ಲ."

"ಇವತ್ತು ಮುಟ್ಟಿ ಡಾಕ್ಟ್ರೇ."

ಮುಟ್ಟಿದರು. ಅಷ್ಟೇ ಅಲ್ಲ, ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ತಮಗೆ ಕಲಿಸಿದ ಪ್ರೊಫೆಸರಿಗೆ ಫೋನು ಮಾಡಿ, ಅಂಗೈ ಮೇಲೆ ಔಷಧಿಯ ಹೆಸರು ಬರೆದುಕೊಂಡು ಬಂದರು. ನಿಮೋನಿಯಾ. ವಿಟಮಿನ್ ಕೊರತೆಯಿಂದ ಕಣ್ಣು ಊದಿದೆ. ಪೇಂಟಿನ ಕೆಳಗೆ ಇನ್‌ಫೆಕ್ಷನ್. ಮುಂಗಾಲಿಗೆ ಇಂಜೆಕ್ಷನ್, ಕಣ್ಣಿಗೆ ಆಯಿಂಟ್‌ಮೆಂಟ್, ಚಿಪ್ಪಿಗೆ ಅಯೋಡಿನ್. ದಿನಕ್ಕೆ ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರು, ಉಳಿದ ಹೊತ್ತು ಒಣ ಜಾಗ.

"ಚಿಪ್ಪು ಅಂದ್ರೆ ಡಬ್ಬಿ ಅಲ್ಲಮ್ಮ, ಅದೂ ಮೈಯೇ. ಅದಕ್ಕೆ ಬಿಸಿಲು ತಾಗಬೇಕು. ಈ ಬಣ್ಣ ಪೂರ್ತಿ ಹೋಗಬೇಕು. ಸೀಮೆಎಣ್ಣೆ, ಟರ್ಪೆಂಟೈನ್ ಏನೂ ಹಚ್ಚಬೇಡಿ. ಮೈಯೊಳಗೆ ಹೋದ್ರೆ ಸಾಯುತ್ತೆ."

"ಬದುಕತ್ತಾ?"

"ವಯಸ್ಸಾಗಿದೆ" ಎಂದರು. ಅಣ್ಣ ಹೇಳಿದ ಅದೇ ಮಾತು. ಆದರೆ ಇವರು ಅದನ್ನು ತಲೆ ತಗ್ಗಿಸಿ ಹೇಳಿದರು.

ನನ್ನ ದಿನಚರಿ ಬದಲಾಯಿತು. ನಾನು ಮನೆಯಲ್ಲಿ ರವಿಕೆ ಹೊಲಿಯುವವಳು. ಹೊಲಿಗೆ ಮಿಷನ್ನು ಕಿಟಕಿಯ ಬಳಿಯಿಂದ ಗೋಡೆಗೆ ಸರಿಯಿತು. ಬಿಸಿಲು ಬೀಳುವ ಜಾಗ ಕರಿಯವ್ವನದಾಯಿತು. ಬೆಳಿಗ್ಗೆ ನೀರು ಕಾಯಿಸಿ, ಮೊಣಕೈ ಅದ್ದಿ ನೋಡಿ, ಅದರಲ್ಲಿ ಕೂರಿಸಬೇಕು. ರೆಪ್ಪೆಯ ಮೇಲಿನ ಕೀವನ್ನು ಹತ್ತಿಯಿಂದ ಒರೆಸಬೇಕು. ನುಗ್ಗೆಸೊಪ್ಪು, ಸಿಹಿಗುಂಬಳ ಅರೆದು ಬಾಯಿಗೆ ಹಿಡಿದರೆ ಅದು ಬಾಯಿ ತೆರೆಯುತ್ತಿರಲಿಲ್ಲ. ಕೈಯಲ್ಲಿ ಹಿಡಿದಾಗ ಒದೆಯುತ್ತಲೂ ಇರಲಿಲ್ಲ. ಒದೆಯದ ಆಮೆಯನ್ನು ಹಿಡಿದು ನೋಡಿದವರಿಗೆ ಮಾತ್ರ ಗೊತ್ತು, ಅದು ಎಷ್ಟು ಭಾರ ಎಂದು.

ಮಧ್ಯಾಹ್ನ ಬಣ್ಣ ಕೀಳುವ ಕೆಲಸ. ಕೊಬ್ಬರಿಎಣ್ಣೆ ಸವರಿ, ನೆನೆಯಲು ಬಿಟ್ಟು, ಬಿದಿರಿನ ಸೀಳಿನಿಂದ ಹಗುರಾಗಿ ಕೆರೆಯುತ್ತಿದ್ದೆ. ಎಳ್ಳಷ್ಟೆಳ್ಳಷ್ಟೇ ಏಳುತ್ತಿತ್ತು. ಒಂದರ ಮೇಲೊಂದು ಕೋಟು. ಪ್ರತಿ ದೀಪಾವಳಿಯದೂ ಬೇರೆ ಬೇರೆ ಎದ್ದು ಬರುತ್ತಿತ್ತು. 'ಅಂಗಡಿ'ಯಿಂದ ಶುರು ಮಾಡಬಹುದಿತ್ತು, ಆ ಕಡೆ ಚಿಪ್ಪು ಗಟ್ಟಿಯಿತ್ತು. ನಾನು ಶುರು ಮಾಡಿದ್ದು ಅಣ್ಣನ ಹೆಸರಿನಿಂದ.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನೇನು ಬರುತ್ತಿತ್ತೋ ಹಾಗೇ ಬರೆಯುತ್ತೇನೆ. ಅಣ್ಣನನ್ನು ಅದೇ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದೆ. ಅವನ ಬೋಳು ಬೆನ್ನಿಗೆ ಪೇಂಟು ಹೊಡೆದು, ಬಿಸಿಲು ಕಾಣದ ಮೂಲೆಯಲ್ಲಿಟ್ಟು, ಊರಿನ ಮಕ್ಕಳಿಂದ ಗಾಜು ತಟ್ಟಿಸುತ್ತಿದ್ದೆ. ಅವನ ಅಂಗಡಿಯ ಬಟ್ಟೆಯ ಥಾನುಗಳಿಗೆ ಗೆದ್ದಲು ಹಿಡಿಯಲಿ, ಬೋಣಿ ಇಲ್ಲದೆ ಬಾಗಿಲು ಮುಚ್ಚಲಿ ಎಂದು ಬೇಡಿಕೊಂಡೆ. ದೇವರ ಮುಂದೆ ನಿಂತೇ ಬೇಡಿಕೊಂಡೆ. ರೋಗಿಯ ಆರೈಕೆ ಮಾಡುವವರ ಮನಸ್ಸು ಹೂವಿನಂತೆ ಇರುತ್ತದೆ ಎನ್ನುತ್ತಾರೆ. ಇರಬಹುದು. ನನ್ನನ್ನು ದಿನವೂ ಎಬ್ಬಿಸಿ ನೀರು ಕಾಯಿಸಲು ಕಳಿಸುತ್ತಿದ್ದುದು ಸಿಟ್ಟು.

ನಮ್ಮ ಯಜಮಾನರು ಪ್ರೈಮರಿ ಶಾಲೆಯ ಮೇಷ್ಟ್ರು. ಶಾಲೆಯಿಂದ ಬಂದು ಪಕ್ಕದಲ್ಲಿ ಕೂತು ನೋಡಿದರು.

"ಪಂಚಾಕ್ಷರಿ ಅಳಿಸ್ತಾ ಇದ್ದೀಯಲ್ಲ ಮಾರಾಯ್ತಿ. ಶಿವ ಸಿಟ್ಟಾಗ್ತಾನೆ."

"ಶಿವಂದು ಐದಕ್ಷರ ಕಣ್ರೀ. ಇದು ನಾಲ್ಕೇ."

ಅವರು ನಕ್ಕರು. ನನಗೆ ನಗು ಬರಲಿಲ್ಲ.

'ಕ್ಷ' ಎದ್ದು ಬಂದಾಗ ಅದರ ಜೊತೆ ಚಿಪ್ಪಿನ ಒಂದು ಚಕ್ಕೆಯೂ ಬಂತು. ಕೆಳಗೆ ಕೀವು, ರಕ್ತ. ಕರಿಯವ್ವ ಕತ್ತು ಚಾಚಿ, ಬಾಯಿ ಅಗಲಿಸಿತು.

ಸದ್ದೇ ಬರಲಿಲ್ಲ.

ಅಷ್ಟು ವರ್ಷ ಸಾಕಿದ ಪ್ರಾಣಿಗೆ ನೋವಾದರೆ ಕೂಗಲು ಗಂಟಲಿಲ್ಲ ಎಂಬುದು ಆಗ ಹೊಳೆಯಿತು. ಅಣ್ಣನಿಗೂ ಅದು ಮಲಗಿದಂತೆ ಕಂಡದ್ದು ಅದಕ್ಕೇ ಇರಬೇಕು. ಆದರೆ ಹೀಗೆ ಯೋಚಿಸಿದ್ದರಿಂದ ನನ್ನ ಸಿಟ್ಟು ಇಳಿಯಲಿಲ್ಲ. ಕಣ್ಣು ಅವನಿಗೂ ಇತ್ತು. ಮೂಗೂ ಇತ್ತು.

ಇಂಜೆಕ್ಷನ್ ಮುಗಿಯುವ ಹೊತ್ತಿಗೆ ಎಡಗಣ್ಣು ಸ್ವಲ್ಪ ಬಿಟ್ಟಿತು. ನಾನು ಹಿಡಿದ ಎರೆಹುಳವನ್ನು ಒಂದು ಸಲ ಕಚ್ಚಿ, ಬಿಟ್ಟು, ಮತ್ತೆ ಕಚ್ಚಿತು. ನಾನು ಅತ್ತೆ. ಅದೇ ವಾರ ಶಿಕಾರಿಪುರದ ಬಸ್ಸಿನ ಕಂಡಕ್ಟರ್ ಸಿದ್ದಪ್ಪ, ನಮ್ಮ ತವರಿನ ಬೀದಿಯವನು, ಮನೆ ಬಾಗಿಲಿಗೆ ಬಂದು ಸುದ್ದಿ ಹೇಳಿದ.

"ಗಿರಿಜಕ್ಕ, ನಿಮ್ಮಣ್ಣ ಇನ್ನೊಂದು ಆಮಿ ತಂದಾನ. ಮೀನು ಹಿಡಿಯೋರು ಕೊಟ್ಟರಂತ. ಶುಕ್ರವಾರ ಪೂಜಿ ಮಾಡಿ ಬಣ್ಣ ಹೊಡಸ್ತಾನಂತ."

ಶುಕ್ರವಾರ ನಾನು ಒದ್ದೆ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಕರಿಯವ್ವನನ್ನು ಇಟ್ಟುಕೊಂಡು ಹೊರಟೆ. ಯಜಮಾನರು ಬಾಗಿಲಿಗೆ ಅಡ್ಡ ನಿಂತರು.

"ರೋಗೀನ ಕಟ್ಕೊಂಡು ಜಗಳಕ್ಕೆ ಹೋಗ್ತಾರೇನೆ? ಬೇಡ. ನೀ ಒಬ್ಬಳೇ ಹೋಗು."

"ನನ್ನ ಮಾತು ಅಲ್ಲಿ ಯಾರು ಕೇಳ್ತಾರ್ರೀ? ಇದನ್ನ ನೋಡ್ಲಿ."

ಅಂಗಡಿ ತುಂಬಿತ್ತು. ಗಾಜಿನ ಪೆಟ್ಟಿಗೆಗೆ ಹೂವಿನ ಹಾರ. ಒಳಗೆ ಹೊಸ ಆಮೆ ಗೋಡೆ ಹತ್ತಲು ನೋಡಿ ಜಾರುತ್ತಿತ್ತು. ಪೇಂಟರು ಡಬ್ಬಿ ಕಲಕುತ್ತಿದ್ದ. ಅಣ್ಣ ಬಿಳಿ ಅಂಗಿ, ಹಣೆ ತುಂಬ ವಿಭೂತಿ. ನನ್ನನ್ನು ಕಂಡು ರಾಜಿಗೆ ಬಂದೆನೆಂದು ತಿಳಿದು ಮುಖ ಅರಳಿಸಿದ.

ಕೌಂಟರಿನ ಮೇಲೆ, ಹೊಸ ಸೀರೆಗಳ ನಡುವೆ, ಕರಿಯವ್ವನನ್ನು ಇಳಿಸಿ ಬಟ್ಟೆ ತೆಗೆದೆ.

"ನೋಡ್ರವ್ವ, ಈ ಅಂಗಡಿ ಲಕ್ಷ್ಮಿ. ನೀವೆಲ್ಲ ಮಕ್ಕಳಿಗೆ ತೋರಿಸ್ತಿದ್ರಲ್ಲ, ಅದೇ. ಬಣ್ಣದ ಕೆಳಗೆ ಹಿಂಗಿತ್ತು."

ಅರ್ಧ ಬೆನ್ನು ಕಪ್ಪು. ಅರ್ಧ ಹಸಿ ಗಾಯ. ಅಯೋಡಿನ್ ಕಲೆಯ ನಡುವೆ ಅಳಿಯದೆ ಉಳಿದ ಒಂದು 'ರಿ'. ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿದಳು. ಇನ್ನೊಬ್ಬಾಕೆ "ಶಿವಶಿವಾ" ಎಂದು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಪೇಂಟರು ಬ್ರಷ್ಷನ್ನು ಡಬ್ಬಿಯಲ್ಲೇ ಬಿಟ್ಟ.

"ಮನಿ ಮಾನ ಕಳೀಬ್ಯಾಡ ಗಿರಿಜಾ" ಎಂದ ಅಣ್ಣ, ಮೆಲ್ಲಗೆ.

"ಕೈ ಇಡು."

"ಏನು?"

"ಅದರ ಬೆನ್ನ ಮ್ಯಾಲೆ ಕೈ ಇಡಣ್ಣ. ನಿನ್ನ ಹೆಸರು ಬರಿಸಿದ್ದೆಯಲ್ಲ, ಅಲ್ಲೇ ಇಡು."

ಎಲ್ಲರೂ ನೋಡುತ್ತಿದ್ದರು. ಇಟ್ಟ. ಅವನ ಬೆರಳು ಗಾಯಕ್ಕೆ ತಾಗಿದಾಗ ಕರಿಯವ್ವನ ಹಿಂಗಾಲು ನಡುಗಿ ಅವನ ಮಣಿಕಟ್ಟನ್ನು ತಳ್ಳಿತು. ಅಣ್ಣನ ಮುಖ ಬಿಳಿಚಿತು. ವಿಭೂತಿ ಎಲ್ಲಿ ಮುಗಿಯಿತು, ಹಣೆ ಎಲ್ಲಿ ಶುರುವಾಯಿತು ತಿಳಿಯದಷ್ಟು. ನನಗೆ ಸಂತೋಷವಾಯಿತು. ಹಬ್ಬದೂಟ ಉಂಡಷ್ಟು ತೃಪ್ತಿ. ಅದನ್ನು ಮುಚ್ಚಿಡುವುದಿಲ್ಲ.

ಆ ಸಂಜೆಯೇ ಅತ್ತಿಗೆ ಹೊಸ ಆಮೆಯನ್ನು ಕೆರೆಗೆ ಬಿಡಿಸಿದರಂತೆ. ಗಾಜಿನ ಪೆಟ್ಟಿಗೆ ಅಟ್ಟ ಸೇರಿತಂತೆ. ಅಣ್ಣನ ವ್ಯಾಪಾರ ಮುಳುಗಲಿಲ್ಲ, ಏಳಲೂ ಇಲ್ಲ. ನನ್ನ ಶಾಪಕ್ಕೆ ಅಷ್ಟು ಶಕ್ತಿ ಇರಲಿಲ್ಲ.

ಆ ಬಸ್ಸಿನ ಕುಲುಕಾಟಕ್ಕೆ ಕರಿಯವ್ವ ಮತ್ತೆ ಊಟ ಬಿಟ್ಟಿತು. ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು, ಮತ್ತೆ ಇಂಜೆಕ್ಷನ್ ಶುರು ಮಾಡಿದರು. ಬೈಸಿಕೊಂಡೆ. ಹೋಗಬಾರದಿತ್ತೇ? ಕೆರೆ ಸೇರಿದ ಆ ಇನ್ನೊಂದನ್ನು ನೆನೆದರೆ ಹೋದದ್ದೇ ಸರಿ ಅನ್ನಿಸುತ್ತದೆ. ಕಿಟಕಿಯ ಬಳಿ ಕತ್ತು ಒಳಗೆಳೆದು ಬಿದ್ದಿದ್ದ ಇದನ್ನು ನೋಡಿದಾಗ ಹಾಗೆ ಅನ್ನಿಸುತ್ತಿರಲಿಲ್ಲ.

ಬೇಸಿಗೆ ಬಂದ ಮೇಲೆ ನಿಜವಾದ ಚೇತರಿಕೆ. ಬಿಸಿಲು ಯಾವ ಇಂಜೆಕ್ಷನ್ನಿಗೂ ಆಗದ್ದನ್ನು ಮಾಡಿತು. ಈಗ ನೀರಿನಲ್ಲಿ ನೆಟ್ಟಗೆ ತೇಲುತ್ತದೆ. ಬಲಗಣ್ಣು ಬರಲಿಲ್ಲ, ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಚಿಪ್ಪಿನ ಗಾಯ ಒಣಗಿ, ಅಂಗೈಯಷ್ಟು ಜಾಗ ಎಲುಬಿನ ಬಣ್ಣದಲ್ಲಿ ಉಳಿದಿದೆ. ಆ ಎಳೆಯ ಡಾಕ್ಟರನ್ನು ನಾನು ಬದುಕಿರುವವರೆಗೂ ನೆನೆಯುತ್ತೇನೆ. ಮುದಿ ಜೀವ, ಇನ್ನೆಷ್ಟು ದಿನವೋ. ನಿನ್ನೆ ನನ್ನ ಬೆರಳನ್ನೇ ಹುಳವೆಂದು ಕಚ್ಚಿತು. ನೋವಾಯಿತು. ಒಳ್ಳೆಯ ನೋವು.

ಅಣ್ಣನ ಮನೆಗೆ ನಾನು ಹೋಗಿಲ್ಲ. ಅವನೂ ಬಂದಿಲ್ಲ. ಸಿದ್ದಪ್ಪ ಮಾತ್ರ ಆಗಾಗ ಬಸ್ಸು ನಿಲ್ಲಿಸಿ ಕೇಳುತ್ತಾನೆ, "ಗಿರಿಜಕ್ಕ, ಹೆಂಗೈತಿ ಅಂತ ಕೇಳಾಕ ಹೇಳ್ಯಾನ ನಿಮ್ಮಣ್ಣ." ಮೊದಮೊದಲು ನಾನು ಕೇಳಿದ ಕೂಡಲೇ ಒಳಗೆ ಬರುತ್ತಿದ್ದೆ. ಈ ಸಲ ಬಾಗಿಲಲ್ಲಿ ನಿಂತೆ.

"ಬದುಕೈತಿ ಅಂತ ಹೇಳು" ಎಂದೆ. "ಅಷ್ಟೇ ಹೇಳು. ಮತ್ತೇನೂ ಸೇರಿಸಬ್ಯಾಡ."