ಜಾಜಿ ಬಳ್ಳಿಗೆ ಬಿದ್ದ ಕುಡುಗೋಲು

ಮಂಡ್ಯದ ಸೀಮೆಗೆ ನಾಲೆ ನೀರು ಬಂದ ಹೊಸತು. ಚೊಚ್ಚಲ ಬಾಣಂತನಕ್ಕೆಂದು ಮಳವಳ್ಳಿ ಕಡೆಯ ಗಂಡನ ಮನೆಯಿಂದ ಮದ್ದೂರಿನ ಹತ್ತಿರದ ತವರಿಗೆ ಬಂದ ನನಗೆ ಹಿತ್ತಲಿನ ಜಾಜಿ ಬಳ್ಳಿಯ ಗುರುತೇ ಸಿಗಲಿಲ್ಲ. ನೆಲದಲ್ಲಿ ಸದಾ ತೇವ, ಇನ್ನೇನು ಬೇಕು ಅದಕ್ಕೆ? ಚಪ್ಪರ ದಾಟಿ, ಸೂರು ಹತ್ತಿ, ಹೆಂಚಿನ ಸಂದಿಯಲ್ಲಿ ಕುಡಿ ತೂರಿಸಿತ್ತು. ಹೂವಂತೂ ಊರಿಗೆಲ್ಲ ಹಂಚಿದರೂ ಮಿಗುತ್ತಿತ್ತು.

ಪ್ರತಿ ವರ್ಷ ಹೂವಿನ ಕಾಲ ಮುಗಿದ ಮೇಲೆ ಅವ್ವ ಬಳ್ಳಿಯನ್ನು ಕತ್ತರಿಸಿ, ಹೊಸ ಕುಡಿಗಳನ್ನು ಬಾಳೆನಾರಿನಿಂದ ಚಪ್ಪರಕ್ಕೆ ಬಿಗಿಯುತ್ತಿದ್ದಳು. ನಾನು ಬಸಿರೆಂದು ತಿಳಿದ ಮೇಲೆ ಮುಟ್ಟಿರಲಿಲ್ಲ.

"ಮನೆ ಹೆಣ್ಣು ಬಸ್ರಿಯಾಗಿರುವಾಗ ಹೂ ಬುಡೋ ಬಳ್ಳಿ ಕುಯ್ಯಬಾರ್ದು ಕಣವ್ವ," ಎಂದಳು. ನಾನು ನಕ್ಕುಬಿಟ್ಟೆ.

ಒಂದು ಮಧ್ಯಾಹ್ನ ಮಲಗಿದ್ದಾಗ ಹೊಟ್ಟೆಯ ಮೇಲೆ ಏನೋ ಹಗುರವಾಗಿ ಬಿತ್ತು. ಕೈಗೆತ್ತಿಕೊಂಡರೆ ಹಾವಿನ ಪೊರೆ. ಮೇಲೆ ಹೆಂಚಿನ ಸಂದಿಯಲ್ಲಿ ಜಾಜಿಯ ಎಲೆಗಳು ಅಲುಗುತ್ತಿದ್ದವು, ಗಾಳಿಯೇ ಇರಲಿಲ್ಲ. ಪೊರೆ ಕೊಡವಿ ಎದ್ದು ಕೂತೆ. ನಾಳೆ ತೊಟ್ಟಿಲು ಕಟ್ಟುವುದೂ ಇದೇ ಸೂರಿನ ಕೆಳಗೆ ತಾನೆ?

"ಇವತ್ತೇ ಕುಯ್ದು ಬಿಸಾಕವ್ವ," ಎಂದು ಅವ್ವನ ಸೆರಗು ಹಿಡಿದು ಅತ್ತುಬಿಟ್ಟೆ.

ಅವ್ವ ನನ್ನ ಕೈಯಿಂದ ಸೆರಗು ಬಿಡಿಸಿಕೊಂಡಳು. "ನಿಮ್ಮಣ್ಣ ಒಟ್ಟೇಲಿದ್ದಾಗ ಕುಯ್ದಿದ್ದೆ. ಉಸ್ರಿಲ್ದೆ ಉಟ್ತು," ಎಂದಳು.

ನನಗೊಬ್ಬ ಅಣ್ಣ ಹುಟ್ಟಿದ್ದನೆಂದು ಗೊತ್ತಾದದ್ದೇ ಆಗ. ಅಲ್ಲಿಗೆ ನನ್ನ ನಗುವೂ ಹೋಯಿತು, ಹಟವೂ ಹೋಯಿತು. ಬಳ್ಳಿ ಇದ್ದರೆ ಹಾವಿನ ಭಯ, ಕುಯ್ದರೆ ಶಾಪದ ಭಯ. ಅತ್ತ ದರಿ, ಇತ್ತ ಪುಲಿ. ರಾತ್ರಿಯೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸೂರು ನೋಡುತ್ತ ಮಲಗಿದೆ.

ಬೆಳಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು ಬಂದು, ಬಳ್ಳಿಯ ಬುಡಕ್ಕೆ ಅರಿಶಿನ ಕುಂಕುಮ ಇಟ್ಟಳು. "ಏನಾರ ತಟ್ಟೋದಿದ್ರೆ ನಂಗೇ ತಟ್ಲಿ ತಾಯಿ, ಮಗೀಗೆ ಬ್ಯಾಡ," ಎಂದು ಕುಡುಗೋಲು ಹಾಕಿದಳು. ಗದ್ದೆ ಕೊಯ್ಯುವಾಗ ಗಂಡಸರನ್ನೇ ಹಿಂದೆ ಹಾಕುವ ಕೈ ಅಂದು ಒಂದೊಂದೇ ಕುಡಿ ಕತ್ತರಿಸಿತು. ಸೂರಿನಿಂದ ಎಳೆದು ಹಾಕಿದ ರಾಶಿಯಲ್ಲಿ ಯಾವ ಹಾವೂ ಸಿಗಲಿಲ್ಲ. ಇತ್ತೋ, ಕಬ್ಬಿನ ಗದ್ದೆ ಸೇರಿತೋ, ದೇವರೇ ಬಲ್ಲ.

ಅಂದಿನಿಂದ ಅವ್ವ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಳು. ಮಗು ಅಲುಗಾಡದ ಗಳಿಗೆಯಲ್ಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ನೋವು ಶುರುವಾದಾಗ ಸೂಲಗಿತ್ತಿ ಎಷ್ಟು ಕರೆದರೂ ಅವ್ವ ಒಳಗೆ ಬರಲಿಲ್ಲ. "ಕುಯ್ದ ಕೈ ಇದು, ಬ್ಯಾಡ," ಎಂದು ಬಾಗಿಲಾಚೆಯೇ ಕೂತಳು.

ಮಗು ಮನೆ ಹಾರಿಹೋಗುವಂತೆ ಕಿರುಚಿತು. ಗಂಡೋ ಹೆಣ್ಣೋ ಎಂದು ಅವ್ವ ಕೇಳಲಿಲ್ಲ. ಅಷ್ಟು ಕಿರುಚಾಟ ಕಿವಿಗೆ ಬೀಳುತ್ತಿದ್ದರೂ ಬಾಗಿಲಾಚೆಯಿಂದ, "ಉಸ್ರಾಡ್ತಾ ಅದಾ?" ಎಂದಳು.