ಎಂಟು ಎತ್ತು ಎಳೆಯುವ ಇಂಜಿನ್

ಹೋದ ವಾರ ಕುರುಗೋಡಿನಿಂದ ಬಳ್ಳಾರಿಯವರೆಗೆ ನಾನು ಒಂದು ಇಂಜಿನ್ನಿನ ಹಿಂದೆ ಕಾಲ್ನಡಿಗೆಯಲ್ಲಿ ಬಂದೆ. ಇಂಜಿನ್ ಇಟ್ಟುಕೊಂಡು ನಡೆಯುವುದೇ ಎಂದು ನಗಬೇಡಿ. ನಮ್ಮದು ಉಗಿ ಕುಡಿದು ಹತ್ತಿ ಬಿಡಿಸುವ ಮಷೀನ್ ತಿರುಗಿಸುತ್ತದೆಯೇ ಹೊರತು ತಾನಾಗಿ ಒಂದು ಗೇಣೂ ಜರುಗುವುದಿಲ್ಲ. ಕೆಳಗೆ ನಾಲ್ಕು ಗಾಲಿ, ಮುಂದೆ ಎಂಟು ಎತ್ತು. ದಾರಿಯಲ್ಲಿ ಎರೆಮಣ್ಣು ಸಿಕ್ಕರೆ ಹಿಂದೆ ನಾನು, ತಳ್ಳಲಿಕ್ಕೆ.

ಹಾಗೆ ನೋಡಿದರೆ ಈ ಸೀಮೆಯಲ್ಲಿ ಅದರಷ್ಟು ತಿರುಗಿದವರು ಯಾರಿದ್ದಾರೆ? ಹತ್ತಿಯ ಕಾಲ ಬಂತೆಂದರೆ ಮೋಕ, ಕುರುಗೋಡು, ಸಿರುಗುಪ್ಪ, ಹಚ್ಚೊಳ್ಳಿ. ಊರ ಹೊರಗಿನ ಬಯಲಲ್ಲಿ ನಿಲ್ಲಿಸುವುದು, ಬೆಲ್ಟ್ ಹಾಕುವುದು, ಜನ ತಂದ ಹತ್ತಿಯಿಂದ ಬೀಜ ಬೇರೆ ಮಾಡಿಕೊಡುವುದು. ನಮ್ಮಪ್ಪ ಕೊಂಡ ಇಂಜಿನ್ ಅದು. ಅಪ್ಪ ತೀರಿಕೊಂಡರು. ಇಂಜಿನ್ ಉಳಿಯಿತು, ಜೊತೆಗೆ ಅದನ್ನು ಓಡಿಸುವ ಖಾದರಸಾಬರೂ ಉಳಿದರು.

ಖಾದರಸಾಬರು ದಿನಾ ಬೆಳಿಗ್ಗೆ ಬೆಂಕಿ ಹಾಕುವ ಮೊದಲು ಬಾಯ್ಲರಿನ ಹೊಟ್ಟೆ ಸವರಿ ಬಿಸ್ಮಿಲ್ಲಾ ಎನ್ನುತ್ತಾರೆ. ಆಮೇಲೆ ಅದನ್ನು ಮನಸಾರೆ ಬೈಯುತ್ತಾರೆ. (ನನ್ನನ್ನು ಬೈಯಲಾಗದ್ದನ್ನೆಲ್ಲ ಅದಕ್ಕೆ ಬೈಯುತ್ತಾರೆಂದು ನನ್ನ ಗುಮಾನಿ.) ಚಳಿಗಾಲದಲ್ಲಿ ನಾನು ಬಾಯ್ಲರಿನ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡು, ಬೆನ್ನು ಕಾಯಿಸುತ್ತಾ ಪೇಪರ್ ಓದುವವನು. ಎಷ್ಟೋ ವಾರ ನೀವು ಓದಿದ ಈ ಅಂಕಣ ಹುಟ್ಟಿದ್ದು ಅಲ್ಲೇ.

ಎರಡು ವರ್ಷದಿಂದ ಇಂಜಿನ್ ನಿಧಾನವಾಗಿತ್ತು. ಹೊತ್ತು ಮುಳುಗುವುದರೊಳಗೆ ಮುಗಿಯುತ್ತಿದ್ದ ಹತ್ತಿ ಮರುದಿನಕ್ಕೆ ಉಳಿಯುತ್ತಿತ್ತು. ಬಂಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಸಿರುಗುಪ್ಪದವರಂತೂ ಮುಖದ ಮೇಲೇ ಅಂದರು: "ಏನ್ ಸಾವ್ಕಾರ್ರ, ನಿಮ್ಮ ಇಂಜಿನ್ನಿಗೆ ಮುಪ್ಪು ಬಂತೇನು? ನಮ್ಮ ಮನಿ ಮುದುಕಿ ಕೈಯಾಗ ಇದಕ್ಕಿಂತ ಜಲ್ದಿ ಬಿಡಿಸ್ತಾಳ."

ನನ್ನ ಅವಸರ ನಿಮಗೆ ಗೊತ್ತೇ ಇದೆಯಲ್ಲ. ಆ ಸಿಟ್ಟನ್ನೆಲ್ಲ ಖಾದರಸಾಬರ ಮೇಲೆ ತೀರಿಸಿಕೊಂಡೆ. ನಾಲ್ಕು ಜನರ ಎದುರಿಗೆ ಸೋಮಾರಿ ಎಂದೆ. ನಿದ್ದೆ ಮಾಡ್ತೀರೇನು ಎಂದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ವಯಸ್ಸಾತಲ್ರಿ" ಎಂದು ಮತ್ತೆ ಬೆಂಕಿಯ ಕಡೆ ತಿರುಗುತ್ತಿದ್ದರು. ವಯಸ್ಸಾದದ್ದು ತಮಗೋ ಇಂಜಿನ್ನಿಗೋ, ಹೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಈ ಸಲ ಕುರುಗೋಡಿನಿಂದ ಬಂದವನೇ ತೀರ್ಮಾನಕ್ಕೆ ಕುಳಿತೆ. ದಾರಿ ಎರಡೇ. ಹಳೆಯದರ ಸಿಲಿಂಡರ್ ಕೊರೆಸಿ, ಹೊಸ ರಿಂಗು ಹಾಕಿಸಿ, ಅದಕ್ಕೆ ಮರುಜನ್ಮ ಕೊಡುವುದು. ಇಲ್ಲವೇ ಮದರಾಸಿನಿಂದ ಹೊಸದು ತರಿಸುವುದು. ಹೊಸದನ್ನು ಮಾರುವ ಏಜೆಂಟ್ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿರುವ ನಮ್ಮ ಅಂಗಡಿಗೆ ಆಗಲೇ ಎರಡು ಸಲ ಬಂದು ಹೋಗಿದ್ದ. ಅವನ ಇಂಜಿನ್ನಿಗೆ ಎತ್ತು ಬೇಡವಂತೆ, ರೈಲಿನ ಹಾಗೆ ತಾನೇ ರಸ್ತೆಯಲ್ಲಿ ಓಡುತ್ತದಂತೆ! ಎರೆಮಣ್ಣಿನಲ್ಲಿ ಹೂತುಕೊಂಡರೆ ಎಳೆಯುವವರು ಯಾರಪ್ಪಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಅದಕ್ಕೆ ಎತ್ತು ಇಟ್ಟುಕೊಂಡಿರಿ" ಎಂದ.

ನನ್ನ ಮನಸ್ಸು ಹಳೆಯದರ ಕಡೆಗೇ ವಾಲಿತು. ಅಪ್ಪ ಕೈಯಿಟ್ಟ ಕಬ್ಬಿಣ. ಮಾರಲು ಮನಸ್ಸು ಬರಬೇಕಲ್ಲ? ಖಾದರಸಾಬರೂ ಕುಣಿದಾಡಿಯಾರು ಎಂದುಕೊಂಡು, ಅಂಗಡಿಯ ಹಿಂದಿನ ಶೆಡ್ಡಿಗೆ ಹೋಗಿ ಹೇಳಿದೆ: "ರಿಪೇರಿನ ಮಾಡಿಸೋಣ ಖಾದರಸಾಬ್ರ. ಆದ್ರ ಇನ್ನ ಮ್ಯಾಲೆ ನಿಧಾನ ಅನ್ನಂಗಿಲ್ಲ. ಪೂರಾ ಉಗಿ ಹಾಕಿ ಓಡಿಸ್ಬೇಕು."

ಅವರು ಕುಣಿಯಲಿಲ್ಲ. ಎದ್ದು ಒಂದು ಸಣ್ಣ ಸುತ್ತಿಗೆ ತಂದರು. ತಣ್ಣಗಾಗಿದ್ದ ಬಾಯ್ಲರಿನ ಮೇಲ್ಭಾಗಕ್ಕೆ ಬಡಿದರು. ಠಣ್ ಎಂದಿತು. ಬಗ್ಗಿ, ಬೆಂಕಿ ಉರಿಯುವ ಜಾಗದ ಕೆಳಗೆ ಬಡಿದರು. ದಬ್ ಎಂದಿತು.

"ಕೇಳಿಸ್ತೇನ್ರಿ? ಸಿಲಿಂಡರಿಗೆ ಏನೂ ಆಗಿಲ್ಲ. ಊರೂರು ಬಾವಿ ಸವಳು ನೀರು ಕುಡಿದು ಒಳಗ ತಗಡು ತಿಂದುಹೋಗೈತಿ. ಹಪ್ಪಳ ಆಗೈತ್ರಿ, ಹಪ್ಪಳ. ಪೂರಾ ಉಗಿ ಹಾಕಿದ್ರ ಒಡಿತೈತಿ. ರಿಪೇರಿ ಬ್ಯಾಡ, ಹೊಸದು ತಗೊಳ್ರಿ."

"ಯಾವಾಗಿಂದ ಗೊತ್ತು ನಿಮಗ?"

"ಎರಡು ವರ್ಷ ಆತು. ಅವತ್ತಿಂದ ಅರ್ಧ ಉಗಿಯಾಗ ಓಡಿಸಾಕ ಹತ್ತೀನಿ. ದಿನಾ ಬಡಿದು ನೋಡಿ, ಆಮ್ಯಾಲೆ ಬೆಂಕಿ ಹಾಕ್ತೀನಿ."

ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ! ಹಚ್ಚೊಳ್ಳಿಯ ಹೆಣ್ಣುಮಕ್ಕಳು ಆ ಬಾಯ್ಲರಿನ ಹತ್ತಿರವೇ ಹತ್ತಿ ಸುರುವಿಕೊಂಡು ಕೂರುತ್ತಾರೆ. ಬಾಯಿಗೆ ಬಂದದ್ದೆಲ್ಲ ಅಂದೆ. ಹೇಳೋಕೇನು ಧಾಡಿಯಾಗಿತ್ತು ಎಂದು ಕೂಗಾಡಿದೆ.

"ಹೇಳಿದ್ರ ಹೊಸದು ತರ್ತಿದ್ರಿ" ಎಂದರು ಖಾದರಸಾಬರು. "ಹೊಸದರ ಕೂಡ ಹೊಸ ಡ್ರೈವರ್ ಬರ್ತಾನ. ಈ ವಯಸ್ಸಿನ್ಯಾಗ ನಾ ಎಲ್ಲಿ ಹೋಗ್ಲಿ ಸಾವ್ಕಾರ್ರ? ಆಸೆ. ತಪ್ಪಾತು. ಇವತ್ತು ನೀವು ಪೂರಾ ಉಗಿ ಅಂದ್ರಿ ನೋಡ್ರಿ, ಇನ್ನ ಸುಮ್ನಿದ್ರ ಖುದಾನ ಮುಂದ ಏನಂತ ನಿಂದರ್ಲಿ?"

ನಾನು ಸೀದಾ ಮನೆಗೆ ಬಂದೆ. ನನ್ನವಳ ಮುಂದೆ ಎಲ್ಲ ಹೇಳಿಕೊಂಡೆ, ಅವಳೂ ನನ್ನ ಜೊತೆ ಸಿಟ್ಟಾಗಲಿ ಎಂಬ ಆಸೆಯಿಂದ. (ಮದುವೆಯಾಗಿ ಇಷ್ಟು ವರ್ಷವಾದರೂ ಈ ಆಸೆ ಬಿಟ್ಟಿಲ್ಲ.) ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು:

"ಅಲ್ರಿ, ಅವರು ಮುಚ್ಚಿಟ್ಟಿದ್ದು ತಪ್ಪ ಅನ್ರಿ. ಎರಡು ವರ್ಷ ಸೋಮಾರಿ ಸೋಮಾರಿ ಅಂತ ಬೈದ್ರಲ್ಲ, ಒಂದ ಸಲನಾದ್ರೂ ಯಾಕ ನಿಧಾನ ಅಂತ ಕೇಳಿದ್ರೇನು?"

ಕೇಳಿರಲಿಲ್ಲ. ಉಗಿ ತೋರಿಸುವ ಮುಳ್ಳು ನನ್ನ ಕುರ್ಚಿಯಿಂದ ಎರಡು ಮೊಳ ದೂರದಲ್ಲೇ ಇತ್ತು. ಕತ್ತೆತ್ತಿದ್ದರೆ ಕಾಣುತ್ತಿತ್ತು. ನಾನು ಪೇಪರ್ ಓದುತ್ತಿದ್ದೆ. ಲೋಕದ ಸುದ್ದಿಯೆಲ್ಲ ಬೇಕು ನಮಗೆ, ಪಕ್ಕದಲ್ಲಿ ಬೆವರುವವನ ಸುದ್ದಿ ಬೇಡ. ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಆ ಮನುಷ್ಯ ಬೈಸಿಕೊಂಡ, ನನ್ನ ಬೆನ್ನನ್ನೂ ಬೆಚ್ಚಗಿಟ್ಟ, ನನ್ನ ಜೀವವನ್ನೂ ಕಾಯ್ದ. ಕಡೆಗೆ ತನ್ನ ಅನ್ನಕ್ಕೆ ಕಲ್ಲು ಬಿದ್ದರೂ ಬೀಳಲಿ ಎಂದು ಹೊಸದು ತಗೊಳ್ಳಿ ಎಂದ. ಅವರ ಮೇಲೆ ಎಷ್ಟು ಅಕ್ಕರೆ ಇತ್ತು ನನಗೆ ಎಂಬುದು ಅವತ್ತೇ ತಿಳಿದದ್ದು.

ಮರುದಿನ ಏಜೆಂಟನಿಗೆ ಹೇಳಿ ಕಳಿಸಿದೆ. ಖಾದರಸಾಬರನ್ನೂ ಕರೆಸಿ ಅಂಗಡಿಯ ಗಾದಿಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡೆ. ತಮ್ಮನ್ನು ಕೆಲಸದಿಂದ ಬಿಡಿಸಲಿಕ್ಕೇ ಕರೆದಿದ್ದಾರೆಂದುಕೊಂಡರೋ ಏನೋ, ತಲೆ ತಗ್ಗಿಸಿಯೇ ಕುಳಿತಿದ್ದರು. ಏಜೆಂಟ್ ಕಾಗದ ಬಿಚ್ಚಿ ಖುಷಿಯಿಂದ ಓದತೊಡಗಿದ. ಇಂಜಿನ್ ರೈಲಿನಲ್ಲಿ ಬರುತ್ತದೆ. ಅದರ ಜೊತೆ ಕಂಪನಿಯ ಡ್ರೈವರ್ ಬರುತ್ತಾನೆ.

"ಡ್ರೈವರ್ ನಮ್ಮಲ್ಲೇ ಇದ್ದಾರೆ" ಎಂದೆ.

"ಇವರಾ? ಪಾಪ, ಇವರು ಹಳೇ ಕಾಲದವರು. ಇದು ಬಹಳ ಜೋರಿನ ಇಂಜಿನ್ ಸಾರ್, ಬೇರೆಯವರ ಕೈಗೆ ಕೊಡೋಕಾಗಲ್ಲ. ರೂಲ್ ಅಂದ್ರೆ ರೂಲ್."

"ನಿಮ್ಮವನು ಬರಲಿ. ಒಂದು ಹಂಗಾಮು ಇದ್ದು ಇವರಿಗೆ ಕಲಿಸಿ ಹೋಗಲಿ. ಖಾದರಸಾಬರು ಇಲ್ಲದಿದ್ದರೆ ನಿಮ್ಮ ಇಂಜಿನ್ನೂ ಬೇಡ" ಎಂದೆ. ಖಾದರಸಾಬರು ಈಗ ತಲೆ ಎತ್ತಿದರು.

ಏಜೆಂಟ್ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಪೆನ್ನು ಕೆಳಗಿಟ್ಟು ಕೇಳಿದ: "ಇವರಿಗೆ ಬಾಯ್ಲರ್ ನಡೆಸೋಕೆ ಬರುತ್ತೆ ಅನ್ನೋದಕ್ಕೆ ಸರ್ಟಿಫಿಕೇಟ್ ಎಲ್ಲಿದೆ ಸಾರ್?"

"ಎರಡು ವರ್ಷ ಆ ಬಾಯ್ಲರಿಗೆ ಬೆನ್ನು ಕೊಟ್ಟು ಕೂತವನು ನಿಮ್ಮೆದುರಿಗೆ ಜೀವಂತ ಇದ್ದೀನಲ್ಲ, ನನ್ನನ್ನೇ ಓದಿಕೊಳ್ಳಿ" ಎಂದೆ.