ಹಿತ್ತಿಲ ಗಾರೆಯ ಮೇಲಿನ ಹೆಜ್ಜೆ

ಇಂಥ ವಿಷಯಗಳನ್ನು ನಾನು ನಂಬುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಳ್ಳೇಗಾಲದಿಂದ ಮೈಸೂರಿಗೆ ಇಪ್ಪತ್ತಮೂರು ವರ್ಷದಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಿರುವವನು ನಾನು. ಬೆಳಗಿನ ಆರೂಕಾಲರ ಬಸ್ಸಿಗೆ ನಾವೊಂದಷ್ಟು ಖಾಯಂ ಜನ. ಸತ್ತ ಅತ್ತೆ ಕನಸಿನಲ್ಲಿ ಬಂದು ಸೀರೆ ಕೇಳಿದಳು, ಬೀಗ ಹಾಕಿದ ಮನೆಯಲ್ಲಿ ದೀಪ ಉರಿಯುತ್ತಿತ್ತು ಎಂದು ಅವರಲ್ಲಿ ಯಾರಾದರೂ ಶುರುಮಾಡಿದರೆ ನಾನು ಟವೆಲನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋಗುತ್ತಿದ್ದೆ. ನಾನು ಓದಿದ್ದು ಐಟಿಐ, ಮಾಡುವುದು ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಯಾರೂ ತಿರುಗಿಸದೆ ಒಂದು ನಟ್ಟೂ ತಿರುಗುವುದಿಲ್ಲ ಎಂದು ತಿಳಿದುಕೊಂಡಿದ್ದವನು. ನಾಲ್ಕು ವರ್ಷದ ಹಿಂದೆ ನನ್ನ ಮನೆಯಲ್ಲಿ ಆದದ್ದನ್ನು ಕಂಡಷ್ಟು ಮಾತ್ರ ಬರೆಯುತ್ತೇನೆ. ನೀವು ನಂಬಲೇಬೇಕೆಂದು ಕೇಳುವುದಿಲ್ಲ.

ನಮ್ಮದು ಊರಿನ ಹೊಸ ಬಡಾವಣೆಯಲ್ಲಿ ಅರವತ್ತು-ನಲವತ್ತರ ಸೈಟು. ಅಕ್ಕಪಕ್ಕದ ಗೋಡೆಗೆ ತಾಗದಂತೆ ನಾಲ್ಕು ಕಡೆಯೂ ಜಾಗ ಬಿಟ್ಟು ಕಟ್ಟಿದ ಮನೆ. ಮೂರು ರೂಮು, ಉದ್ದನೆಯ ಹಾಲು, ಹಿಂದೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಎರಡು ತೆಂಗು. ಕಟ್ಟಿಸಿದವಳು ನನ್ನ ಹೆಂಡತಿ ಭಾಗ್ಯ ಎಂದರೇ ಸರಿ. ನಾನು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನು. ಇಟ್ಟಿಗೆ ಇಳಿಸಿಕೊಂಡದ್ದು, ಗೋಡೆಗೆ ನೀರು ಹಾಕಿದ್ದು, ಸತ್ತೇಗಾಲದ ಮಾದಯ್ಯ ಮೇಸ್ತ್ರಿಯ ಜೊತೆ ಜಗಳವಾಡಿದ್ದು ಎಲ್ಲ ಅವಳೇ.

ಕೊನೆಗೆ ಹಿತ್ತಿಲ ಬಾಗಿಲ ಮುಂದೆ ಗಾರೆ ಹಾಕಿದ ದಿನ, ಆಳುಗಳಿಗೆ ಟೀ ಕೊಡುವ ಗಡಿಬಿಡಿಯಲ್ಲಿ ಅವಳು ಹಸಿ ಗಾರೆಯನ್ನು ತುಳಿದುಬಿಟ್ಟಳಂತೆ. ಬಲಗಾಲಿನ ಒಂದು ಹೆಜ್ಜೆ, ಐದು ಬೆರಳೂ ಅಚ್ಚಿಳಿದಂತೆ ಬಿತ್ತು. ಮೇಸ್ತ್ರಿ ಬೈದುಕೊಂಡು ಸವರಲು ಹೋದರೆ ಇವಳೇ ತಡೆದಳಂತೆ. ರಾತ್ರಿ ನನಗೆ ಊಟಕ್ಕೆ ಬಡಿಸುತ್ತಾ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಇರ್ಲಿ ಬುಡಣ್ಣ, ಮನೆ ಒಳಕ್ ಬತ್ತಾವ್ಳೆ ಅಂತ ಇರ್ಲಿ ಅಂದೆ."

ಆ ಹೆಜ್ಜೆ ಒಳಮುಖವಾಗಿತ್ತು. ಬೆರಳುಗಳು ಬಾಗಿಲ ಕಡೆ, ಹಿಮ್ಮಡಿ ಒಗೆಯುವ ಕಲ್ಲಿನ ಕಡೆ. ಶುಕ್ರವಾರ ಮುಂಬಾಗಿಲಿನ ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟವಳು ಹಿಂದೆ ಬಂದು ಆ ಹೆಜ್ಜೆಗೂ ಒಂದು ಬೊಟ್ಟು ಇಡುತ್ತಿದ್ದಳು. ನಿನ್ನ ಕಾಲಿಗೆ ನೀನೇ ಪೂಜೆ ಮಾಡಿಕೊಳ್ಳುತ್ತೀಯಲ್ಲ ಎಂದು ಒಮ್ಮೆ ರಜದ ದಿನ ರೇಗಿಸಿದೆ. ಅವಳು ತಲೆ ಎತ್ತದೆ, "ನಿಮ್ ಕಾಲು ಈ ಮನೇಲಿ ಎಲ್ ನಿಂತದೆ, ಅದ್ಕೆ ಪೂಜೆ ಮಾಡಕೆ?" ಎಂದಳು. ನಕ್ಕೆವು. ಈಗ ಯೋಚಿಸಿದರೆ ಅದು ಬರೀ ತಮಾಷೆಯಾಗಿರಲಿಲ್ಲ.

ಹದಿನಾಲ್ಕು ವರ್ಷ ಅವಳು ಆ ಮನೆಯಲ್ಲಿದ್ದಳು. ಹೊಟ್ಟೆನೋವು ಎಂದು ಮೈಸೂರಿನ ಆಸ್ಪತ್ರೆಗೆ ಸೇರಿದವಳು ಹನ್ನೊಂದು ದಿನ ಮಲಗಿದ್ದು ಅಲ್ಲೇ ತೀರಿಕೊಂಡಳು. ಒಂಬತ್ತನೆಯ ದಿನ ನನ್ನ ಕೈ ಹಿಡಿದು, "ಒಂದಿನ ಮನೆಗ್ ಕರ್ಕಂಡೋಗಿ. ಆಮೇಲ್ ಬೇಕಾದ್ರೆ ತಿರ್ಗಾ ಬರಾಣ" ಎಂದಳು. ವಾಸಿಯಾಗಲಿ, ಒಟ್ಟಿಗೇ ಹೋಗೋಣ ಎಂದೆ. ಡಾಕ್ಟರನ್ನು ಕೇಳಲೂ ಇಲ್ಲ.

ಅವಳನ್ನು ಕರೆತಂದ ವ್ಯಾನು ಗೇಟಿನ ಮುಂದೆ ನಿಂತಾಗ ಹನೂರಿನ ಕಡೆಯಿಂದ ನನ್ನ ಅಣ್ಣ ಆಗಲೇ ಬಂದು ಶಾಮಿಯಾನ ಹಾಕಿಸಿದ್ದ. ನಾನು ಒಳಗೆ ಹಾಲಿನಲ್ಲಿ ಮಲಗಿಸೋಣ ಎಂದೆ. ಅಣ್ಣ ನನ್ನ ಭುಜ ಹಿಡಿದು, "ಒರಗಡೆ ತೀರ್ಕಂಡೋರ್ನ ಒಳಕ್ ತರಬಾರ್ದು ಕಣ್ಲಾ. ಮನೆಗ್ ಆಗಲ್ಲ" ಎಂದ. ನಮ್ಮ ಕಡೆ ಅದು ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ಇದನ್ನೆಲ್ಲ ನಂಬದ ನಾನು ಆವತ್ತು ಎದುರು ಮಾತಾಡಲಿಲ್ಲ. ಅಂಗಳದಲ್ಲೇ ಬೆಂಚಿನ ಮೇಲೆ ಮಲಗಿಸಿದರು. ಮುಂಬಾಗಿಲು ಪೂರ್ತಿ ತೆರೆದಿತ್ತು. ನೀರಿಗೆ, ಕಾಫಿಗೆ, ಫೋನ್ ಚಾರ್ಜಿಗೆ ಹಾಕಲು ಊರಿನವರೆಲ್ಲ ಒಳಗೆ ಹೋಗಿ ಬಂದರು. ಅವಳೊಬ್ಬಳು ಹೋಗಲಿಲ್ಲ. ಸಂಜೆ ಅಲ್ಲಿಂದಲೇ ಎತ್ತಿದೆವು.

ಆಮೇಲಿನ ಏಳು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ನಾನು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನನ್ನ ಕಾಲ್ಬೆರಳಿಗೆ ಎದುರಾಗಿ ಅವಳ ಐದು ಬೆರಳು. ಅದನ್ನು ನಾನು ಒಂದು ಸಲವಲ್ಲ, ಮೂವತ್ತು ಭಾನುವಾರ ನೋಡಿದ್ದೇನೆ. ಮಳೆ ನೀರು ಹಿಮ್ಮಡಿಯ ಗುಂಡಿಯಲ್ಲಿ ನಿಲ್ಲುತ್ತಿತ್ತು. ಒಂದು ಪಿಕಳಾರ ಹಕ್ಕಿ ಬಂದು, ನನ್ನಿಂದ ದೂರವಾಗಿದ್ದ ಆ ಕಡೆಯೇ ಕೂತು ಕುಡಿದು ಹೋಗುತ್ತಿತ್ತು. ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಕೆಲವರು ನನ್ನ ನೆನಪನ್ನೇ ಅನುಮಾನಿಸಿದರು.

ಮನೆ ಮಾರಬೇಕೆಂದು ನಾನೇ ತೀರ್ಮಾನಿಸಿದೆ. ಯಾರ ಒತ್ತಾಯವೂ ಇರಲಿಲ್ಲ. ರಾತ್ರಿ ಎಂಟೂವರೆಗೆ ಬಂದು ಬೀಗ ತೆಗೆದರೆ ಅಷ್ಟು ದೊಡ್ಡ ಮನೆಯಲ್ಲಿ ನನ್ನ ಚಪ್ಪಲಿಯ ಸದ್ದೊಂದೇ. ಗೇಟಿಗೆ 'ಮನೆ ಮಾರಾಟಕ್ಕಿದೆ' ಎಂದು ಬೋರ್ಡು ಕಟ್ಟಿದೆ. ದಿನಾ ಮೈಸೂರಿಗೆ ಓಡಾಡುವವರಿಗೆ ಹೇಳಿ ಮಾಡಿಸಿದ ಮನೆ, ಬಸ್ ಸ್ಟ್ಯಾಂಡು ಹತ್ತು ನಿಮಿಷ ಎಂದು ಬ್ರೋಕರು ಹೋದಲ್ಲೆಲ್ಲ ಹೇಳುತ್ತಿದ್ದ. ಹಾಗೆ ಬಂದವರು ಯಳಂದೂರಿನ ಒಬ್ಬ ಮೇಷ್ಟ್ರು, ಜೊತೆಗೆ ಅವರ ತಾಯಿ. ಆ ಅಜ್ಜಿ ರೂಮುಗಳನ್ನು ಹಾಗೇ ಕಣ್ಣಾಡಿಸಿ ನೇರ ಹಿತ್ತಿಲಿಗೆ ಹೋದರು. ಹೆಜ್ಜೆಯನ್ನು ನೋಡಿ ಮುಖ ಅರಳಿಸಿ, "ಒಳಕ್ ಬರೋ ಎಜ್ಜೆ. ಒಳ್ಳೇದು ಕಣಪ್ಪ, ತಕಳಾಣ" ಎಂದು ಮಗನಿಗೆ ಅಲ್ಲೇ ಹೇಳಿದರು. ಮೂರು ವಾರ ಬಿಟ್ಟು ಭಾನುವಾರ ಬಂದು ಮಾತು ಮುಗಿಸುವುದೆಂದಾಯಿತು.

ಅದರ ಹಿಂದಿನ ದಿನ ಶನಿವಾರ, ಹನೂರಿಗೆ ಮದುವೆ ಮಾಡಿಕೊಟ್ಟಿದ್ದ ನಮ್ಮ ಮಗಳು ಬಂದು ಅವಳಮ್ಮನ ಸೀರೆಗಳನ್ನು ಎರಡು ಚೀಲಕ್ಕೆ ತುಂಬಿಕೊಂಡು ಸಂಜೆಯ ಬಸ್ಸಿಗೆ ವಾಪಸಾದಳು. ಆವತ್ತು ರಜೆ ಹಾಕಿದ್ದ ನಾನು ಮನೆಯೆಲ್ಲ ಒರೆಸಿ, ಹಿತ್ತಿಲ ಗಾರೆಯನ್ನು ಪೊರಕೆ ಹಾಕಿ ಉಜ್ಜಿ ತೊಳೆದೆ. ಆಗ ಹೆಜ್ಜೆ ಹೇಗಿತ್ತೆಂದು ಕೇಳಿದರೆ ನಾನು ಗಮನಿಸಲಿಲ್ಲ ಎಂದೇ ಹೇಳಬೇಕು. ದಿನಾ ಇರುವುದನ್ನು ಯಾರು ಗಮನಿಸುತ್ತಾರೆ?

ಭಾನುವಾರ ಬೆಳಿಗ್ಗೆ ಏಳು ಗಂಟೆ ಇರಬಹುದು. ಚೆನ್ನಾಗಿ ಬಿಸಿಲು ಬಿದ್ದಿತ್ತು. ಕಾಫಿ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತೆ. ನನ್ನ ಕಾಲ್ಬೆರಳ ಎದುರು ಹಿಮ್ಮಡಿ ಇತ್ತು. ಐದು ಬೆರಳು ಆ ಕಡೆ, ಒಗೆಯುವ ಕಲ್ಲಿನತ್ತ.

ಕಾಫಿ ಪೂರ್ತಿ ಕುಡಿದೆ. ಎದ್ದು ಮುಖ ತೊಳೆದುಕೊಂಡು ಬಂದು ಮತ್ತೆ ನೋಡಿದೆ. ಹೊರಗೆ ಹೋಗುವ ಹೆಜ್ಜೆ. ಕೂತು ಉಗುರಿನಿಂದ ಕೆರೆದು ನೋಡಿದೆ, ಸ್ಪ್ಯಾನರ್ ತಂದು ಸುತ್ತಲೂ ತಟ್ಟಿದೆ. ಹೊಸ ಸಿಮೆಂಟಿನ ಗುರುತು ಎಲ್ಲೂ ಇಲ್ಲ, ಟೊಳ್ಳು ಸದ್ದೂ ಇಲ್ಲ. ಬೆರಳ ಸಂದಿನಲ್ಲಿ ಹಳೆಯ ಪಾಚಿ ಕಪ್ಪಗೆ ಕೂತಿತ್ತು. ಮೆಟ್ಟಿಲಿನಿಂದ ಎಷ್ಟು ದೂರವಿದೆ ಎಂದು ಟೇಪು ಹಿಡಿದೆ. ಹಿಡಿದ ಮೇಲೆ ನೆನಪಾಯಿತು, ಮೊದಲು ಎಷ್ಟಿತ್ತೆಂದು ನನಗೆ ಗೊತ್ತಿಲ್ಲ. ಅಳೆಯುವುದೇ ಕಸುಬಾದವನು ಅದೊಂದನ್ನು ಯಾವತ್ತೂ ಅಳೆದಿರಲಿಲ್ಲ.

ಹನ್ನೊಂದಕ್ಕೆ ಯಳಂದೂರಿನವರು ಬಂದರು. ನಾನು ಏನೂ ಹೇಳಲಿಲ್ಲ. ಮೇಷ್ಟ್ರು ಹಾಲಿನಲ್ಲಿ ಕೂತು ಕಾಗದಪತ್ರ ನೋಡುತ್ತಿದ್ದರು. ಅಜ್ಜಿ ಒಬ್ಬರೇ ಹಿತ್ತಿಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲವೆಂದು ಹೋಗಿ ನೋಡಿದರೆ ಸೆರಗನ್ನು ಬಾಯಿಗೆ ಹಿಡಿದುಕೊಂಡು ಬಗ್ಗಿ ನಿಂತಿದ್ದರು.

"ಓದ್ ಸಲ ಒಳಕ್ ಬತ್ತಿತ್ತಲ್ಲಪ್ಪ ಇದು" ಎಂದರು.

ಹಿಂದೆಯೇ ಬಂದ ಮಗ ನಕ್ಕು, "ಅವ್ವ, ನಿಂಗ್ ಕಣ್ಗೆ ಪೊರೆ ಬಂದದೆ, ಆಪ್ರೇಸನ್ ಮಾಡಿಸ್ಕ ಅಂದ್ರೆ ಕೇಳಲ್ಲ" ಎಂದರು. ಅಜ್ಜಿ ನಗಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದರು.

"ಯಾರ್ದು?"

ನನ್ನ ಹೆಂಡತಿಯದು ಎಂದೆ. ತೀರಿಕೊಂಡು ಏಳು ತಿಂಗಳಾಯಿತು, ಮೈಸೂರಿನಲ್ಲಿ ಎಂದೆ.

"ಒಳಕ್ ತಂದಿದ್ರಾ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅಜ್ಜಿ ಮೆಲ್ಲಗೆ, ಇದನ್ನು ಗಾರೆ ಹಾಕಿ ಮುಚ್ಚಿಸಿಬಿಡಪ್ಪ, ಮುಚ್ಚಿಸಿದರೆ ನಾವು ತೆಗೆದುಕೊಳ್ಳುತ್ತೇವೆ ಎಂದರು. ಮುಚ್ಚಿಸುತ್ತೇನೆ ಎಂದು ಒಪ್ಪಿಕೊಂಡೆ.

ಅವರು ಹೋದ ಮೇಲೆ ಪಕ್ಕದ ಮನೆಯ ನಾಗರತ್ನಮ್ಮನನ್ನು ಕರೆದು ತೋರಿಸಿದೆ. ಭಾಗ್ಯಳ ಜೊತೆ ಹದಿನಾಲ್ಕು ವರ್ಷ ಆ ಗಾರೆಯ ಮೇಲೆ ಕೂತು ಸೊಪ್ಪು ಬಿಡಿಸಿದವರು ಅವರು. "ಇದು ಇಂಗೇ ಅಲ್ವಾ ಇದ್ದುದ್ದು? ಅವ್ಳು ಬಟ್ಟೆ ಒಗೆಯಕ್ ಓಯ್ತಾವ್ಳೆ ಅಂತ ನಾವೇ ಆಡ್ಕತಿದ್ವಿ" ಎಂದರು. ಮಗಳಿಗೆ ಫೋನ್ ಮಾಡಿದೆ. ಅವಳು ಒಳಮುಖ ಇತ್ತು ಅನ್ನಿಸುತ್ತದೆ ಎಂದಳು. ಆಮೇಲೆ, "ಅಪ್ಪ, ಸರ್ಯಾಗ್ ಊಟ ಮಾಡ್ತಿದ್ದೀರಾ?" ಎಂದು ಕೇಳಿದಳು. ಅವಳ ಫೋನಿನಲ್ಲಿ ಆ ಜಾಗದ ಫೋಟೋ ಒಂದಿತ್ತು, ಮೊಮ್ಮಗುವಿಗೆ ಬಿಸಿಲಿನಲ್ಲಿ ಸ್ನಾನ ಮಾಡಿಸುವಾಗ ತೆಗೆದದ್ದು. ಕಳಿಸು ಎಂದೆ. ಅದರಲ್ಲಿ ಭಾಗ್ಯ ಮಗುವಿನ ಮೇಲೆ ನೀರು ಹಾಕುತ್ತಾ ನಗುತ್ತಿದ್ದಳು. ಹೆಜ್ಜೆಯ ಮೇಲೆ ಬಕೀಟು ಕೂತಿತ್ತು.

ಉಳಿದವರು ಮಾದಯ್ಯ ಮೇಸ್ತ್ರಿ. ಮುಂದಿನ ಭಾನುವಾರ ಸತ್ತೇಗಾಲಕ್ಕೆ ಹೋದೆ. ಮಂಡಿ ನೋವಿನಿಂದ ಕೆಲಸ ಬಿಟ್ಟು ಜಗಲಿಯ ಮೇಲೆ ಕೂತಿದ್ದರು. ಭಾಗ್ಯ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಕೇಳಿ ಮರುಗಿದರು. ಸಿಮೆಂಟು ಕಡಿಮೆ ಹಾಕುತ್ತೀಯ ಎಂದು ಅವಳು ತಮ್ಮೊಡನೆ ಆಡಿದ ಜಗಳವನ್ನೆಲ್ಲ ನೆನಪಿಸಿಕೊಂಡರು. ಹೆಜ್ಜೆಯ ಮಾತು ತೆಗೆದಾಗ ಅವರು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

"ಎಲ್ಡ್ ಎಜ್ಜೆ ಬಿದ್ದಿತ್ತು ಸಾ. ಟೀ ತಕಂಡು ಒರಕ್ ಬಂದಾಗ ಒಂದು, ವಾಪಸ್ ಒಳಕ್ ಓಗುವಾಗ ಒಂದು. ಪಕ್ಕಪಕ್ಕದಲ್ಲೇ. ಒಂದ್ನ ಕರಣೆ ಎಳ್ದು ಮುಚ್ಚುದೆ. ಒಂದ್ನ ಬುಡು ಅಂದ್ರು ಆವಮ್ಮ."

ಯಾವುದನ್ನು ಮುಚ್ಚಿದಿರಿ ಎಂದು ಕೇಳಿದೆ.

"ಅದ್ಯಾರಿಗ್ ಗ್ಯಾಪ್ಕ ಅದೆ ಸಾ?" ಎಂದರು. ಸ್ವಲ್ಪ ಯೋಚಿಸಿ, "ಒರಕ್ ಓಗೋದ್ನೇ ಮುಚ್ಚಿರ್ಬೇಕು. ಒರಕ್ ಓಗೋ ಎಜ್ಜೆಯ ಯಾರಾರು ಉಳಿಸ್ಕತಾರಾ?" ಎಂದರು.

ಬರುವಾಗ ಬಸ್ಸಿಳಿದು ಅಂಗಡಿಯಲ್ಲಿ ಐದು ಕೆಜಿ ಸಿಮೆಂಟು ಕಟ್ಟಿಸಿಕೊಂಡೆ. ಕೊಟ್ಟ ಮಾತು ಮುಗಿಸಿಬಿಡೋಣ ಎಂದು ಬಾಂಡ್ಲಿಯಲ್ಲಿ ಕಲಸಿ, ಹೆಜ್ಜೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವಳ ಹಿಮ್ಮಡಿಯ ಒಡಕುಗಳೂ ಆ ಗಾರೆಯಲ್ಲಿ ಮೂಡಿದ್ದವು. ಏಳು ತಿಂಗಳು ಅವಳು ಒಳಗೆ ಬರುತ್ತಿರುವುದನ್ನು ನೋಡುತ್ತಾ ಕೂತಿದ್ದೆ, ಈಗ ಮನೆ ಮಾರುತ್ತೇನೆಂದು ಬೇಸರಪಟ್ಟು ತಿರುಗಿ ಹೊರಟಳು ಎಂದು ಆ ವಾರವೆಲ್ಲ ಕೊರಗಿದ್ದೆ. ಹಾಗೆ ಕೂತಿದ್ದಾಗ ಬೇರೊಂದು ಯೋಚನೆ ಬಂತು. ಹೊರಗೆ ಹೋಗುವವಳು ಅದಕ್ಕೆ ಮೊದಲು ಒಳಗೆ ಬಂದಿರಬೇಕಲ್ಲವೇ? ನಾವು ಅಂಗಳದಲ್ಲೇ ತಡೆದು ನಿಲ್ಲಿಸಿದವಳು ಯಾವಾಗಲೋ ಒಳಗೆ ಬಂದು, ಒಲೆ, ನಡುಮನೆ, ರೂಮುಗಳನ್ನೆಲ್ಲ ಒಂದು ಸಲ ನೋಡಿಕೊಂಡು ಹೋಗಿರಬಹುದೇ? ಬಂದಿದ್ದರೆ ನನಗೆ ಗೊತ್ತಾಗುವುದು ಹೇಗೆ? ಆರಕ್ಕೆ ಬೀಗ ಹಾಕಿಕೊಂಡು ಹೋದವನು ಎಂಟೂವರೆಗೆ ಬರುತ್ತಿದ್ದೆ. ಹಗಲು ಹೊತ್ತು ಆ ಮನೆಯಲ್ಲಿ ಏನು ನಡೆಯುತ್ತದೆಂದು ಅವಳಿದ್ದಾಗಲೂ ನನಗೆ ಗೊತ್ತಿರಲಿಲ್ಲ.

ಇದು ಸಮಾಧಾನಕ್ಕೆ ಮಾಡಿಕೊಂಡ ಯೋಚನೆ ಇರಬಹುದು. ದುಃಖದಲ್ಲಿ ಮನಸ್ಸು ಏನು ಬೇಕಾದರೂ ತಿರುಗಿಸಿ ನೋಡುತ್ತದೆ ಎಂದು ನನಗೂ ಗೊತ್ತು. ಆದರೆ ಯಳಂದೂರಿನ ಅಜ್ಜಿಗೆ ಯಾವ ದುಃಖವಿತ್ತು? ಅವರು ನನ್ನ ಹೆಂಡತಿಯ ಹೆಸರನ್ನೂ ಕೇಳಿರಲಿಲ್ಲ.

ಕಲಸಿದ ಸಿಮೆಂಟು ಬಾಂಡ್ಲಿಯಲ್ಲೇ ಗಟ್ಟಿಯಾಯಿತು. ಯಳಂದೂರಿನವರು ಒಂದು ತಿಂಗಳು ಕಾದು ಬೇರೆ ಕಡೆ ಮನೆ ತೆಗೆದುಕೊಂಡರು. ಬೋರ್ಡು ಇನ್ನೂ ಗೇಟಿನಲ್ಲೇ ಇದೆ, ಅಕ್ಷರ ಬಿಸಿಲಿಗೆ ಮಾಸಿದೆ. ಯಾರಾದರೂ ಬಂದು ಕೇಳಿದರೆ ಎಲ್ಲ ತೋರಿಸುತ್ತೇನೆ, ಹಿತ್ತಿಲನ್ನೂ ತೋರಿಸುತ್ತೇನೆ. ಹೆಜ್ಜೆ ಅಂದಿನಿಂದ ಹೊರಮುಖವಾಗಿಯೇ ಇದೆ. ಭಾನುವಾರ ಎದ್ದ ಕೂಡಲೇ ಮೊದಲು ಅದನ್ನೇ ನೋಡುತ್ತೇನೆ.

ಬಸ್ಸಿಗೆ ಹೊರಡುವಾಗ ಈಗಲೂ ಮುಂಬಾಗಿಲಿಗೆ ಬೀಗ ಹಾಕುತ್ತೇನೆ. ಹಿತ್ತಿಲ ಬಾಗಿಲಿನ ಚಿಲಕ ಮಾತ್ರ ಹಾಕುವುದಿಲ್ಲ, ಸುಮ್ಮನೆ ಮುಂದಕ್ಕೆ ಎಳೆದುಕೊಂಡು ಹೋಗುತ್ತೇನೆ. ಕಳ್ಳರು ನುಗ್ಗುತ್ತಾರೆ ಎಂದು ನಾಗರತ್ನಮ್ಮ ಬೈಯುತ್ತಲೇ ಇರುತ್ತಾರೆ. ಯಾಕೆ ಹಾಗೆ ಮಾಡುತ್ತೇನೆಂದು ಅವರಿಗೆ ಹೇಳಿಲ್ಲ. ಹೇಳೋಣವೆಂದರೆ ನನಗೇ ಸರಿಯಾಗಿ ತಿಳಿದಿಲ್ಲ.